ಚಳಿಗಾಲದ ಸೈಕಲ್ ಸವಾರಿಗೆ ಎಂಥ ಗ್ಲೌಸ್? ದಪ್ಪವೊಂದೇ ಸಾಲದು

ನೆದರ್ಲೆಂಡ್ಸಿನ ಐಂಡ್‌ಹೋವನ್, ಫೆಲ್ಡ್‌ಹೋವನ್ ಸುತ್ತಮುತ್ತ ಕೆಲಸಕ್ಕೆಂದು ಬಂದು ನೆಲೆಸಿರುವ ಕನ್ನಡಿಗರು ಸಾಕಷ್ಟಿದ್ದಾರೆ. ಬಂದ ಕೆಲವೇ ವಾರಗಳಲ್ಲಿ ಎಲ್ಲರೂ ಸೈಕಲ್ ಕೊಳ್ಳುತ್ತಾರೆ. ನವೆಂಬರ್ ಬಂದಾಗ ಹೊಸಬರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ತುಂಬಾ ದಪ್ಪ ಇರೋ ಗ್ಲೌಸ್ ಎಲ್ಲಿ ಸಿಗುತ್ತೆ?’ ದಪ್ಪನೆಯ ಸ್ಕೀ ಗ್ಲೌಸನ್ನೇ ಕೊಂಡು ತರುತ್ತಾರೆ. ಹತ್ತು ನಿಮಿಷ ಸೈಕಲ್ ತುಳಿಯುವಷ್ಟರಲ್ಲಿ ಬೆರಳ ತುದಿ ಮರಗಟ್ಟಿರುತ್ತದೆ. ಇಲ್ಲಿನ ಜನವರಿಯ ಸರಾಸರಿ ಉಷ್ಣಾಂಶ 3ರಿಂದ 4 ಡಿಗ್ರಿ. ಇದು ಸೈಬೀರಿಯಾದ ಚಳಿಯೇನಲ್ಲ. ಆದರೂ ಕೈ ಯಾಕೆ ಹೀಗೆ ಸೆಟೆದುಕೊಳ್ಳುತ್ತದೆ?

ಗ್ಲೌಸ್ ಶಾಖ ಹುಟ್ಟಿಸುವುದಿಲ್ಲ. ಕೈಗೆ ಬಂದ ಶಾಖ ಬೇಗ ಓಡಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಶಾಖವೇ ಕೈಗೆ ಬರದಿದ್ದರೆ ಎಂಥ ದುಬಾರಿ ಗ್ಲೌಸ್ ಹಾಕಿಕೊಂಡರೂ ಒಳಗೆ ತಣ್ಣನೆಯ ಕೈ ತಣ್ಣಗೇ ಉಳಿಯುತ್ತದೆ. ಹಾಗಾಗಿ ಗ್ಲೌಸಿನ ಬಗ್ಗೆ ಯೋಚಿಸುವ ಮೊದಲು ಕೈಯ ಬಗ್ಗೆ ಯೋಚಿಸಬೇಕು.

ನಮ್ಮ ಬೆರಳುಗಳಲ್ಲಿ ಮಾಂಸಖಂಡವೇ ಇಲ್ಲ ಎನ್ನಬಹುದು. ಬೆರಳನ್ನು ಮಡಚುವ, ಬಿಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಬೆರಳಿಗೆ ಬರುವುದು ಅವುಗಳ ಹುರಿಗಳು ಮಾತ್ರ. ಸ್ನಾಯು ಇಲ್ಲದ ಕಡೆ ಶಾಖದ ಉತ್ಪಾದನೆಯೂ ತೀರಾ ಕಡಿಮೆ. ಬೆರಳು ಬೆಚ್ಚಗಿರಬೇಕಾದರೆ ಬಿಸಿ ರಕ್ತ ಎದೆಯಿಂದ ಅಲ್ಲಿಯವರೆಗೆ ಹರಿದು ಬರಬೇಕು. ಆದರೆ ದೇಹ ತಣ್ಣಗಾಗತೊಡಗಿದ ಕೂಡಲೇ ಮೆದುಳು ಮೊದಲು ಮಾಡುವ ಕೆಲಸವೆಂದರೆ ಕೈಕಾಲುಗಳ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯ, ಶ್ವಾಸಕೋಶ, ಯಕೃತ್ತುಗಳಿಗೆ ಶಾಖ ಉಳಿಸಿಕೊಳ್ಳುವುದು. ಕನ್ನಂಬಾಡಿಯಿಂದ ಬಿಡುವ ನೀರು ಕಡಿಮೆಯಾದಾಗ ಮೊದಲು ಒಣಗುವುದು ನಾಲೆಯ ಕೊನೆಯ ಭಾಗದ ಗದ್ದೆ ತಾನೆ? ಬೆರಳ ತುದಿಯದೂ ಅದೇ ಪಾಡು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೈಗೆ ಚಳಿಯಾದರೆ ಎಷ್ಟೋ ಸಲ ಕೊರತೆ ಇರುವುದು ಗ್ಲೌಸಿನಲ್ಲಲ್ಲ, ಜಾಕೆಟ್ಟಿನಲ್ಲಿ. ಎದೆಗೆ ಗಾಳಿ ಹೊಡೆಯುತ್ತಿದ್ದರೆ, ಕತ್ತು ತೆರೆದಿದ್ದರೆ, ಮಣಿಕಟ್ಟಿನ ಬಳಿ ತೋಳಿಗೂ ಗ್ಲೌಸಿಗೂ ನಡುವೆ ಎರಡು ಬೆರಳಗಲ ಚರ್ಮ ಬರಿದಾಗಿದ್ದರೆ, ಬೆರಳಿಗೆ ಬರುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ವೈದ್ಯರು ನಾಡಿ ಹಿಡಿದು ನೋಡುವ ಜಾಗ ನೆನಪಿಸಿಕೊಳ್ಳಿ. ಅಲ್ಲಿ ರಕ್ತನಾಳ ಚರ್ಮಕ್ಕೆ ಎಷ್ಟು ಹತ್ತಿರವಿದೆಯೆಂದರೆ ಮುಟ್ಟಿದರೆ ಮಿಡಿತ ಸಿಗುತ್ತದೆ. ಆ ಜಾಗವನ್ನು ಮುಚ್ಚದ ಗ್ಲೌಸನ್ನು ನಾನಂತೂ ಚಳಿಗಾಲದ ಗ್ಲೌಸ್ ಎಂದು ಒಪ್ಪುವುದಿಲ್ಲ.

ಸೈಕಲ್ ಸವಾರರಿಗೆ ಇನ್ನೊಂದು ತೊಂದರೆ ಇದೆ. ನಡೆಯುವಾಗ ಕೈ ಬೀಸುತ್ತೇವೆ, ಜೇಬಿಗೆ ಹಾಕಿಕೊಳ್ಳುತ್ತೇವೆ. ಸೈಕಲ್ ಮೇಲೆ ದುಡಿಯುವುದೆಲ್ಲ ತೊಡೆ ಮತ್ತು ಮೀನಖಂಡ. ಕೈಗಳು ಹ್ಯಾಂಡಲನ್ನು ಬಿಗಿಹಿಡಿದು ಅಲುಗಾಡದೆ ಎಲ್ಲಕ್ಕಿಂತ ಮುಂದೆ ಗಾಳಿಗೆ ಒಡ್ಡಿಕೊಂಡಿರುತ್ತವೆ. ತುಳಿಯಲು ಶುರುಮಾಡಿ ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಮೈ ಕಾವೇರಿ, ಬಿಗಿದಿದ್ದ ರಕ್ತನಾಳಗಳು ಸಡಿಲಗೊಂಡು ಕೈಗೆ ಮತ್ತೆ ಬಿಸಿ ರಕ್ತ ಬರುತ್ತದೆ. ಅಷ್ಟರೊಳಗೆ ಆಫೀಸು ಬಂದುಬಿಟ್ಟರೆ? ನಾಲ್ಕು ಕಿಲೋಮೀಟರ್ ದೂರದ ಆಫೀಸಿಗೆ ಹೋಗುವವರಿಗೆ ನಲವತ್ತು ಕಿಲೋಮೀಟರ್ ತುಳಿಯುವವರಿಗಿಂತ ಬೆಚ್ಚನೆಯ ಗ್ಲೌಸ್ ಬೇಕಾಗುವುದು ಇದೇ ಕಾರಣಕ್ಕೆ. ಎಲೆಕ್ಟ್ರಿಕ್ ಸೈಕಲ್ಲಿನವರಿಗೆ ಇನ್ನೂ ಕಷ್ಟ. ಯುರೋಪಿನಲ್ಲಿ ಮೋಟಾರು ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ನೆರವು ಕೊಡುತ್ತದೆ. ಗಾಳಿ ಹೆಚ್ಚು ಹೊಡೆಯುತ್ತದೆ, ಮೈ ಮಾತ್ರ ಕಾವೇರುವುದೇ ಇಲ್ಲ.

ಇನ್ನು ಗಾಳಿಯ ಲೆಕ್ಕ. ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು, ಪ್ಲಾಸ್ಟಿಕ್ ಸಿಲಿಂಡರಿನಲ್ಲಿ ನೀರು ತುಂಬಿಸಿ ಗಾಳಿಗೆ ನೇತುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದಿದ್ದರು. ಹವಾಮಾನ ವರದಿಯಲ್ಲಿ ‘ಇಷ್ಟು ಡಿಗ್ರಿ, ಆದರೆ ಅನ್ನಿಸುವುದು ಇಷ್ಟು’ ಎಂದು ಹೇಳುವ ಪದ್ಧತಿಯ ಬೇರು ಅಲ್ಲಿದೆ. ಅಮೆರಿಕ, ಕೆನಡಾಗಳು 2001ರಲ್ಲಿ ಹೊಸ ಸೂತ್ರ ತಂದವು. ಅದರ ಪ್ರಕಾರ ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 5ರಂತೆ ಅನ್ನಿಸುತ್ತದೆ. ಗಾಳಿಯೇ ಇಲ್ಲದ ದಿನವೂ ಸವಾರ ತಾನೇ 20 ಕಿಲೋಮೀಟರ್ ವೇಗದ ಗಾಳಿ ಹುಟ್ಟಿಸಿಕೊಂಡು ಹೋಗುತ್ತಿರುತ್ತಾನೆ. ಎದುರುಗಾಳಿ ಇದ್ದರೆ ಅದನ್ನೂ ಕೂಡಿಸಿ: 25ರ ವೇಗಕ್ಕೆ 15ರ ಎದುರುಗಾಳಿ ಸೇರಿದರೆ 40, ಆಗ 5 ಡಿಗ್ರಿಯ ಬೆಳಗು ಸುಮಾರು ಮೈನಸ್ 1ರಂತೆ. ಈ ಸೂತ್ರ ಬರಿಮುಖಕ್ಕೆ ಅನ್ವಯಿಸುವಂಥದ್ದು, ಗ್ಲೌಸ್ ಹಾಕಿದ ಕೈಗೆ ನೇರವಾಗಿ ಹೊಂದುವುದಿಲ್ಲ. ಆದರೆ ಉಣ್ಣೆಯ ಹೆಣಿಗೆ ಗ್ಲೌಸಿನಂಥ ಗಾಳಿಯಾಡುವ ಬಟ್ಟೆ ತೊಟ್ಟಾಗ ಗಾಳಿ ಒಳನುಗ್ಗಿ, ಎಳೆಗಳ ನಡುವೆ ಬೆಚ್ಚಗಾಗಿ ನಿಂತಿದ್ದ ಗಾಳಿಯನ್ನು ಗುಡಿಸಿಹಾಕುತ್ತದೆ. ಅಜ್ಜಿ ಹೆಣೆದುಕೊಟ್ಟ ಗ್ಲೌಸ್ ಬಸ್ ಸ್ಟಾಪಿನಲ್ಲಿ ಹಿತವಾಗಿದ್ದು ಸೈಕಲ್ ಮೇಲೆ ಸೋಲುವುದು ಹೀಗೆ. ಅದೇ ಗ್ಲೌಸಿನ ಮೇಲೆ ಗಾಳಿ ತೂರದ ತೆಳ್ಳನೆಯ ಹೊರಕವಚ ತೊಟ್ಟು ನೋಡಿ. ಅಂಗಡಿಯ ದಪ್ಪ ಗ್ಲೌಸಿಗೆ ಅದು ಸರಿಸಾಟಿಯಾಗಿ ನಿಲ್ಲುತ್ತದೆ.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟ ನಿಶ್ಚಲ ಗಾಳಿ. ಉಣ್ಣೆ, ಫ್ಲೀಸ್, ಪ್ರೈಮಾಲಾಫ್ಟ್, ಥಿನ್ಸುಲೇಟ್‌ನಂಥ ಕೃತಕ ನಾರುಗಳು ಎಲ್ಲವೂ ಗಾಳಿಯನ್ನು ಸಣ್ಣ ಸಣ್ಣ ಜಾಗಗಳಲ್ಲಿ ಕಟ್ಟಿಹಾಕುವ ಬೇರೆ ಬೇರೆ ಉಪಾಯಗಳು. ಹ್ಯಾಂಡಲನ್ನು ಹಿಡಿದಾಗ ಅಂಗೈ ಕಡೆಯ ಪದರ ಅಪ್ಪಚ್ಚಿಯಾಗಿ ಅಲ್ಲಿನ ಗಾಳಿ ಹೊರಟುಹೋಗುತ್ತದೆ. ಆಮೇಲೆ ಅಲ್ಯೂಮಿನಿಯಂ ಬ್ರೇಕ್ ಲಿವರ್ ಇದೆ. ಅದು ಶಾಖವನ್ನು ಹೀರಿ ಸಾಗಿಸುವುದರಲ್ಲಿ ನಿಸ್ಸೀಮ. ಬ್ರೇಕಿನ ಮೇಲೆ ಸದಾ ಎರಡು ಬೆರಳಿಟ್ಟುಕೊಂಡು ಹೋಗುವವರಿಗೆ ಆ ಎರಡೇ ಬೆರಳು ಮೊದಲು ಮರಗಟ್ಟುತ್ತವೆ. ಲಿವರಿಗೆ ಹ್ಯಾಂಡಲ್ ಟೇಪಿನ ಒಂದು ತುಂಡು ಸುತ್ತಿದರೆ ಆಗುವ ಅನುಕೂಲ ದೊಡ್ಡದು, ಖರ್ಚು ಏನೇನೂ ಇಲ್ಲ.

ಹಾಗಾದರೆ ಹಿಂಗೈ ಕಡೆ, ಬೆರಳ ಸುತ್ತ ಇನ್ನಷ್ಟು ದಪ್ಪ ತುಂಬಿಸಬಹುದಲ್ಲ ಎನ್ನಬಹುದು. ಅಲ್ಲೇ ಜ್ಯಾಮಿತಿ ಅಡ್ಡ ಬರುತ್ತದೆ. ಬೆರಳು ತೆಳ್ಳನೆಯ ಸಿಲಿಂಡರ್. 18 ಮಿಲಿಮೀಟರ್ ವ್ಯಾಸದ ಬೆರಳಿಗೆ ಸುತ್ತಲೂ 6 ಮಿಲಿಮೀಟರ್ ದಪ್ಪದ ಪದರ ಹಾಕಿದರೆ ಹೊರ ವ್ಯಾಸ 30 ಮಿಲಿಮೀಟರ್ ಆಗುತ್ತದೆ. ಶಾಖ ಹೊರಹೋಗುವ ಹೊರಮೈ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ದಪ್ಪದಿಂದ ಬಂದ ಲಾಭದ ಒಂದು ಪಾಲನ್ನು ಹಿಗ್ಗಿದ ಹೊರಮೈ ತಿಂದುಹಾಕುತ್ತದೆ. ಎದೆಗೆ ಹಾಕುವ ಜಾಕೆಟ್ಟಿನಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಎದೆಯ ಸುತ್ತಳತೆಯ ಮುಂದೆ ಪದರದ ದಪ್ಪ ಗಣನೆಗೇ ಬಾರದು. ಬೆರಳಿನ ಮೇಲೆ ಒಂದು ಮಿತಿ ದಾಟಿದ ದಪ್ಪದಿಂದ ಹಿಡಿತ ಕೆಡುತ್ತದೆಯೇ ಹೊರತು ಬೆಚ್ಚಗಾಗುವುದು ಕಡಿಮೆ. ಗೇರ್ ಬದಲಿಸಲು ತಡಕಾಡುವುದು, ಬೆಲ್ ಹೊಡೆಯಲಾಗದಿರುವುದು, ಬ್ರೇಕ್ ಎಷ್ಟು ಒತ್ತಿದೆವು ಎಂದು ತಿಳಿಯದಿರುವುದು ಎಲ್ಲವೂ ಅಪಾಯವೇ. ಅತ್ತ ಗ್ಲೌಸ್ ಸಾಲದೆ ಬೆರಳ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಂದುತ್ತದೆ, 8 ಡಿಗ್ರಿಯ ಆಸುಪಾಸಿನಲ್ಲಿ ಸ್ಪರ್ಶವೇ ಹೋಗುತ್ತದೆ. ದಪ್ಪ, ಚಳಿ ಎರಡೂ ಬ್ರೇಕನ್ನೇ ಕಸಿದುಕೊಳ್ಳುತ್ತವೆ.

ಈ ಜ್ಯಾಮಿತಿಯಿಂದ ಪಾರಾಗುವ ದಾರಿ ಬೆರಳುಗಳನ್ನು ಒಟ್ಟಿಗೆ ಇಡುವುದು. ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಮಿಟನ್ ಅತ್ಯಂತ ಬೆಚ್ಚಗೆ, ಆದರೆ ಅದನ್ನು ಹಾಕಿಕೊಂಡು ಎರಡು ಬೆರಳಲ್ಲಿ ಬ್ರೇಕ್ ಹಿಡಿಯಲಾಗದು. ಸೈಕಲ್ಲಿಗೆಂದೇ ಹುಟ್ಟಿದ ರಾಜಿಸೂತ್ರ ಲಾಬ್ಸ್ಟರ್ ಗ್ಲೌಸ್: ತೋರುಬೆರಳು, ನಡುಬೆರಳು ಒಂದು ಕೋಣೆಯಲ್ಲಿ, ಉಂಗುರ ಬೆರಳು, ಕಿರುಬೆರಳು ಇನ್ನೊಂದರಲ್ಲಿ. ಅದಕ್ಕೂ ಮುಂದಿನ ಹೆಜ್ಜೆ ಗ್ಲೌಸನ್ನು ಹ್ಯಾಂಡಲ್‌ಗೇ ತೊಡಿಸುವುದು. ಬಾರ್ ಮಿಟ್, ಪೋಗಿ ಎಂದೆಲ್ಲ ಕರೆಯುವ ಈ ದೊಡ್ಡ ಚೀಲಗಳು ಬ್ರೇಕ್, ಗೇರ್, ಕೈ ಎಲ್ಲವನ್ನೂ ಒಟ್ಟಿಗೆ ಮುಚ್ಚುತ್ತವೆ. ಒಳಗೆ ತೆಳ್ಳನೆಯ ಗ್ಲೌಸ್ ಸಾಕು. ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗುವ ಡಚ್ ತಾಯಂದಿರ ಕಾರ್ಗೋ ಸೈಕಲ್ಲುಗಳ ಮೇಲೆ ಇವು ಕಾಣುತ್ತವೆ. ನೋಡಲು ಚೆಂದವಿಲ್ಲ ಎಂದು ನಮ್ಮವರು ಹಿಂಜರಿಯುತ್ತಾರೆ. ನನ್ನ ಮಟ್ಟಿಗೆ, ದಿನವೂ ಒಂದೇ ಸೈಕಲ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಇನ್ನೊಂದಿಲ್ಲ. ಕೊಳ್ಳುವಾಗ ಕೈ ಸಲೀಸಾಗಿ ಹೊರಗೆಳೆದುಕೊಳ್ಳಲು ಬರುತ್ತದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಗಾಳಿಗಿಂತ ದೊಡ್ಡ ಶತ್ರು ನೀರು. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಗ್ಲೌಸಿನೊಳಗೆ ಗಾಳಿ ಇದ್ದ ಜಾಗದಲ್ಲಿ ನೀರು ಕೂತರೆ ಆ ಗ್ಲೌಸಿನ ಕಥೆ ಮುಗಿಯಿತು. ಸಾಲದ್ದಕ್ಕೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅದರ ಬಹುಪಾಲನ್ನು ಕೊಡಬೇಕಾದ್ದು ನಿಮ್ಮ ಕೈಯೇ. ಹೊರಗಿನ ಮಳೆಯಷ್ಟೇ ಒಳಗಿನ ಬೆವರೂ ಅಪಾಯ. 8 ಡಿಗ್ರಿಗೆ ಬೇಕಾದದ್ದಕ್ಕಿಂತ ದಪ್ಪ ಗ್ಲೌಸ್ ಹಾಕಿಕೊಂಡು ಜೋರಾಗಿ ತುಳಿದರೆ ಅರ್ಧ ಗಂಟೆಯಲ್ಲಿ ಅಂಗೈ ಒದ್ದೆ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಥಂಡಿ.

ಬೆಂಗಳೂರಿನ ಸವಾರರಿಗೆ ಇದು ನಂದಿ ಬೆಟ್ಟದಲ್ಲಿ ಗೊತ್ತಾಗುವ ಸಂಗತಿ. ಡಿಸೆಂಬರಿನ ನಸುಕಿನಲ್ಲಿ ಏರು ಹತ್ತುವಾಗ ಮೈಯೆಲ್ಲ ಬೆವರು, ಅರ್ಧ ಬೆರಳಿನ ಗ್ಲೌಸೂ ಒದ್ದೆ. 1,478 ಮೀಟರ್ ಎತ್ತರದಲ್ಲಿ ಮಂಜಿನ ನಡುವೆ ಚಹಾ ಕುಡಿದು, ಅದೇ ಒದ್ದೆ ಗ್ಲೌಸಿನಲ್ಲಿ ತಿರುವುಗಳ ಇಳಿಜಾರಿಗೆ ಬಿದ್ದರೆ ಕಾಲುಗಳಿಗೆ ಕೆಲಸವಿಲ್ಲ, ಗಾಳಿಗೆ ಮಾತ್ರ ಪುರುಸೊತ್ತಿಲ್ಲ. ಬೆರಳು ಬೇಕಾಗುವುದು ಬ್ರೇಕಿಗೆ, ಬೆರಳು ಕೈಕೊಡುವುದೂ ಆಗಲೇ. ಬೆಂಗಳೂರಿಗೆ ಚಳಿಗಾಲದ ಗ್ಲೌಸ್ ಯಾಕೆ ಎನ್ನುವವರು ಗಾಳಿ ತಡೆಯುವ ತೆಳ್ಳನೆಯ ಪೂರ್ಣ ಬೆರಳಿನ ಒಂದು ಜೊತೆಯನ್ನು ಜೆರ್ಸಿಯ ಹಿಂಜೇಬಿನಲ್ಲಿ ಇಟ್ಟುಕೊಂಡರೆ ಸಾಕು.

ಮಳೆಗೆ ಎರಡು ಬಗೆಯ ಉತ್ತರಗಳಿವೆ. ಒಂದು, ನೀರನ್ನು ಒಳಬಿಡದ ಪೊರೆ. 1969ರಲ್ಲಿ ಬಾಬ್ ಗೋರ್ ಕಂಡುಕೊಂಡ ಹಿಗ್ಗಿಸಿದ ಟೆಫ್ಲಾನ್ ಹಾಳೆಯೇ ಗೋರ್-ಟೆಕ್ಸಿನ ಮೂಲ. ಅದರ ರಂಧ್ರಗಳು ನೀರಿನ ಹನಿಗೆ ತೀರಾ ಚಿಕ್ಕವು, ಆವಿಗೆ ಸಾಕಷ್ಟು ದೊಡ್ಡವು. ಜಾಕೆಟ್ಟಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗ್ಲೌಸಿನಲ್ಲಿ ಪೊರೆ ಇರುವುದು ಹೊರಬಟ್ಟೆಗೂ ಒಳಪದರಕ್ಕೂ ನಡುವೆ. ಆದ್ದರಿಂದ ಪೊರೆ ನೀರನ್ನು ತಡೆದರೂ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆ ನೀರು ಆವಿಯಾಗುತ್ತಾ ಕೈಯನ್ನು ತಣ್ಣಗೆ ಮಾಡುತ್ತದೆ. ಒಳಗೆ ಒಂದು ಹನಿಯೂ ಬಂದಿರುವುದಿಲ್ಲ, ಕೈ ಮಾತ್ರ ಮಂಜುಗಡ್ಡೆ. ಎರಡನೆಯದು ನಿಯೋಪ್ರೀನ್, ಮುಳುಗುಗಾರರ ಉಡುಪಿನ ರಬ್ಬರು. ಇದು ಕೈಯನ್ನು ಒಣಗಿಡುವ ಪ್ರಯತ್ನವನ್ನೇ ಮಾಡುವುದಿಲ್ಲ. ಅದರ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೆನೆದರೂ ಅವುಗಳೊಳಗೆ ನೀರು ತುಂಬುವುದಿಲ್ಲ, ಒಳಗೆ ಬಂದ ತೆಳುನೀರು ಕೈಯ ಶಾಖಕ್ಕೆ ಬೆಚ್ಚಗಾಗಿ ಅಲ್ಲೇ ಉಳಿಯುತ್ತದೆ. ಎರಡು ಗಂಟೆ ಜಡಿಮಳೆಯಲ್ಲಿ 6 ಡಿಗ್ರಿಗೆ ತುಳಿಯಬೇಕಾದರೆ ನಾನು ಯೋಚಿಸದೆ ನಿಯೋಪ್ರೀನ್ ಆರಿಸುತ್ತೇನೆ. ಮಳೆಯಿಲ್ಲದ ದಿನ ಅದರಲ್ಲಿ ಕೈ ಬೆಂದು ಸುಕ್ಕಾಗುತ್ತದೆ. ಅದು ಮಳೆಗೇ ಮೀಸಲು.

1988ರ ಜೂನ್ 5ರಂದು ಇಟಲಿಯ ಜಿರೊ ಎಂಬ ಹಲವು ದಿನಗಳ ಸೈಕಲ್ ಪಂದ್ಯ ಗಾವಿಯಾ ಕಣಿವೆದಾರಿಯನ್ನು ಹಿಮಪಾತದಲ್ಲಿ ದಾಟಿತು. ಸುಮಾರು 2,600 ಮೀಟರ್ ಎತ್ತರ, ಮಣ್ಣಿನ ರಸ್ತೆ. ಅಮೆರಿಕದ ಸೆವೆನ್-ಇಲೆವೆನ್ ತಂಡದವರು ಬೆಳಿಗ್ಗೆಯೇ ಸ್ಕೀ ಅಂಗಡಿಗಳಿಂದ ಬೆಚ್ಚನೆಯ ಬಟ್ಟೆ, ಗ್ಲೌಸುಗಳನ್ನು ಕೊಂಡು ತಂದಿದ್ದರು. ಅವರ ನಾಯಕ ಆಂಡಿ ಹ್ಯಾಂಪ್ಸ್ಟನ್ ಕೈಯಲ್ಲಿದ್ದದ್ದು ನಿಯೋಪ್ರೀನ್ ಗ್ಲೌಸ್. ಎಲ್ಲರಿಗಿಂತ ಮೊದಲು ಶಿಖರ ಮುಟ್ಟಿದ ಜೊಹಾನ್ ಫಾನ್ ಡರ್ ಫೆಲ್ಡೆ ತುಂಡುತೋಳಿನ ಜೆರ್ಸಿಯಲ್ಲಿದ್ದರು. ಇಳಿಜಾರಿನಲ್ಲಿ ಮುಂದೆ ಹೋಗಲಾಗದೆ ನಿಂತು, ಗುರಿ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದರು. ಹ್ಯಾಂಪ್ಸ್ಟನ್ ಆ ದಿನ ಪಂದ್ಯದಲ್ಲಿ ಒಟ್ಟಾರೆ ಮುಂದಿರುವವರಿಗೆ ಕೊಡುವ ಗುಲಾಬಿ ಜೆರ್ಸಿ ತೊಟ್ಟು ಕೊನೆಗೆ ಪಂದ್ಯವನ್ನೇ ಗೆದ್ದರು. ಅದಕ್ಕೆ ಎಂಟು ವರ್ಷ ಮೊದಲು, ಬೆಲ್ಜಿಯಮ್ಮಿನ 1980ರ ಲಿಯೇಜ್-ಬಾಸ್ಟೋನ್-ಲಿಯೇಜ್ ಪಂದ್ಯದಲ್ಲಿ ಫ್ರಾನ್ಸಿನ ಬರ್ನಾರ್ ಇನೋ ಹಿಮ ಸುರಿಯುತ್ತಿರುವಾಗ ಒಂಟಿಯಾಗಿ ಮುನ್ನುಗ್ಗಿ ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆ ಗೆಲುವಿಗೆ ತೆತ್ತ ಬೆಲೆ ಎರಡು ಬೆರಳುಗಳು: ಅವು ಆಮೇಲೆ ಎಂದೂ ಪೂರ್ತಿ ಸರಿಹೋಗಲಿಲ್ಲ.

ಯಾವ ಉಷ್ಣಾಂಶಕ್ಕೆ ಯಾವುದು ಎಂದು ಕೇಳಿದರೆ ನನ್ನ ಅಂದಾಜು ಹೀಗಿದೆ. 10ರಿಂದ 15 ಡಿಗ್ರಿಗೆ ತೆಳ್ಳನೆಯ ಪೂರ್ಣ ಬೆರಳಿನದು ಸಾಕು. 5ರಿಂದ 10ಕ್ಕೆ ಹಿಂಗೈ ಕಡೆ ಗಾಳಿ ತಡೆಯುವ ಬಟ್ಟೆ, ಒಳಗೆ ತೆಳು ಫ್ಲೀಸ್. ಸೊನ್ನೆಯಿಂದ 5ಕ್ಕೆ ಪೊರೆ ಇರುವ, ಮಣಿಕಟ್ಟು ಮುಚ್ಚುವ, ಒಳಗೆ ಮೆರಿನೋ ಉಣ್ಣೆಯ ಇನ್ನೊಂದು ತೆಳು ಗ್ಲೌಸಿಗೆ ಜಾಗವಿರುವಂಥದ್ದು. ಸೊನ್ನೆಗಿಂತ ಕೆಳಗೆ ಲಾಬ್ಸ್ಟರ್, ಮೈನಸ್ 5 ದಾಟಿದರೆ ಬಾರ್ ಮಿಟ್. ಎಲೆಕ್ಟ್ರಿಕ್ ಸೈಕಲ್, ಹತ್ತಿರದ ಪ್ರಯಾಣ, ಸುಲಭವಾಗಿ ಕೈ ತಣ್ಣಗಾಗುವ ದೇಹಪ್ರಕೃತಿ, ಇವುಗಳಲ್ಲಿ ಯಾವುದೇ ಒಂದಿದ್ದರೂ ಒಂದು ಮೆಟ್ಟಿಲು ಹೆಚ್ಚು ಬೆಚ್ಚನೆಯದನ್ನು ಆರಿಸಿ. ಡಬ್ಬಿಯ ಮೇಲೆ ‘ಮೈನಸ್ 10ರವರೆಗೆ’ ಎಂದು ಅಚ್ಚಾಗಿರುವುದನ್ನು ಪೂರ್ತಿ ನಂಬಬೇಡಿ. ಅದು ಯಾರ ಕೈ, ಎಷ್ಟು ವೇಗ, ಎಷ್ಟು ಹೊತ್ತು ಎಂದು ಅಲ್ಲಿ ಬರೆದಿರುವುದಿಲ್ಲ. ಕೆಲಸಗಾರರ ಗ್ಲೌಸುಗಳ ಮೇಲೆ ಹಿಮದ ಹರಳಿನ ಚಿತ್ರದ ಕೆಳಗೆ ಮೂರು ಅಂಕಿ ಇರುತ್ತವೆ. ಅದು ಯುರೋಪಿನ ಇಎನ್ 511 ಮಾನದಂಡ: ಮೊದಲನೆಯದು ಚಳಿಗಾಳಿಗೆ, ಎರಡನೆಯದು ತಣ್ಣನೆಯ ವಸ್ತು ಮುಟ್ಟುವುದಕ್ಕೆ, ಮೂರನೆಯದು ನೀರಿಗೆ. ಮೊದಲೆರಡಕ್ಕೆ ಹೆಚ್ಚೆಂದರೆ 4, ಮೂರನೆಯದಕ್ಕೆ 0 ಅಥವಾ 1. ಸೈಕಲ್ ಗ್ಲೌಸಿನ ಮೇಲೆ ಇದು ಅಪರೂಪ. ಇದ್ದರೆ ಜಾಹೀರಾತಿನ ಮಾತಿಗಿಂತ ಅದನ್ನು ನೆಚ್ಚಿಕೊಳ್ಳಬಹುದು.

ಅಂಗಡಿಯಲ್ಲಿ ಹಾಕಿ ನೋಡುವಾಗ ಕೈಯನ್ನು ಚಾಚಿ ಕನ್ನಡಿ ನೋಡಿದರೆ ಪ್ರಯೋಜನವಿಲ್ಲ. ಅಲ್ಲೇ ನಿಲ್ಲಿಸಿದ ಸೈಕಲ್ಲಿನ ಹ್ಯಾಂಡಲ್ ಹಿಡಿಯಿರಿ. ಮುಷ್ಟಿ ಕಟ್ಟಿದಾಗ ಬೆರಳ ತುದಿಗೆ ಬಟ್ಟೆ ಎಳೆದುಕೊಂಡು ತಾಗಿದರೆ ಅದು ಚಿಕ್ಕದು. ಬಿಗಿ ಗ್ಲೌಸ್ ಗಾಳಿಯ ಪದರವನ್ನೂ ರಕ್ತದ ಹರಿವನ್ನೂ ಒಟ್ಟಿಗೆ ಒತ್ತುತ್ತದೆ. ತುದಿಯಲ್ಲಿ ಚೂರು ಸಡಿಲವಿರಲಿ. ಆಮೇಲೆ ಬಹಳ ಜನ ಗಮನಿಸದ ಒಂದು ಪರೀಕ್ಷೆ: ಕೈಯನ್ನು ಚೂರು ಒದ್ದೆ ಮಾಡಿಕೊಂಡು ಗ್ಲೌಸಿನಿಂದ ಸರ್ರನೆ ಎಳೆದುಕೊಳ್ಳಿ. ಒಳಪದರವನ್ನು ಬೆರಳ ತುದಿಯಲ್ಲಿ ಹೊಲಿದಿರದಿದ್ದರೆ ಅದು ಕೈಯ ಜೊತೆಗೇ ಹೊರಬಂದು ತಿರುವುಮುರುವಾಗುತ್ತದೆ. ದಾರಿ ಮಧ್ಯೆ ಮಳೆಯಲ್ಲಿ ಹೀಗಾದರೆ ಮತ್ತೆ ಐದು ಬೆರಳನ್ನೂ ಅದರದರ ಜಾಗಕ್ಕೆ ತೂರಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಹೆಬ್ಬೆರಳ ಹಿಂಭಾಗದಲ್ಲಿ ಟವೆಲ್ಲಿನಂಥ ಮೆತ್ತನೆಯ ಬಟ್ಟೆ ಇದೆಯೇ ನೋಡಿ. ಚಳಿಯಲ್ಲಿ ಸುರಿಯುವ ಮೂಗನ್ನು ಒರೆಸಿಕೊಳ್ಳಲು ಅದು ಇರುವುದು. ಮಣಿಕಟ್ಟಿನ ಪಟ್ಟಿ ಜಾಕೆಟ್ಟಿನ ತೋಳಿನೊಳಗೆ ಹೋಗುವಷ್ಟು ತೆಳ್ಳಗಿರಲಿ, ಏಕೆಂದರೆ ಹ್ಯಾಂಡಲ್ ಕಡೆಗೆ ಇಳಿಜಾರಾಗಿರುವ ತೋಳಿನ ಮೇಲೆ ಮಳೆನೀರು ನೇರ ಗ್ಲೌಸಿನೊಳಕ್ಕೇ ಹರಿಯುತ್ತದೆ.

ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸುಗಳಿವೆ. ದುಬಾರಿ, ಭಾರ, ಚಳಿಯಲ್ಲಿ ಬ್ಯಾಟರಿಯೂ ಬೇಗ ಸೊರಗುತ್ತದೆ. ಕಬ್ಬಿಣದ ಪುಡಿ ಆಮ್ಲಜನಕದೊಂದಿಗೆ ಸೇರಿ ಬಿಸಿಯಾಗುವ ಪುಟ್ಟ ಪೊಟ್ಟಣಗಳನ್ನು ಗಾಳಿಯಾಡದ ಗ್ಲೌಸಿನೊಳಗೆ ತುರುಕಿದರೆ ಸರಿಯಾಗಿ ಕಾಯುವುದಿಲ್ಲ. ಇವೆರಡಕ್ಕಿಂತ ಮೊದಲು ಮಾಡಬೇಕಾದ ಸುಲಭದ ಕೆಲಸವೊಂದಿದೆ. ಕೈ ಬೆಚ್ಚಗಿರುವಾಗಲೇ, ಮನೆಯೊಳಗೇ ಗ್ಲೌಸ್ ತೊಡಿ. ಹೊರಗೆ ಹೋಗಿ, ತಣ್ಣನೆಯ ಬೀಗ ತೆಗೆದು, ಸೀಟಿನ ಮಂಜು ಒರೆಸಿ, ಆಮೇಲೆ ಗ್ಲೌಸ್ ಹಾಕಿಕೊಂಡರೆ ಆ ಚಳಿಯನ್ನೇ ಒಳಗೆ ಕೂಡಿಹಾಕಿದಂತೆ.

ಕೈ ಜೋಮು ಹಿಡಿದದ್ದೆಲ್ಲ ಚಳಿಯಿಂದಲೇ ಅಲ್ಲ. ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳು ಮಾತ್ರ ಜುಮ್ಮೆನ್ನುತ್ತಿದ್ದರೆ, ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್ಲಿಗೆ ಒತ್ತಿಕೊಂಡಿರಬಹುದು. ಅದಕ್ಕೆ ಬೇಕಾದದ್ದು ಬೇರೆ ಹಿಡಿತ, ಹ್ಯಾಂಡಲ್ಲಿನ ಎತ್ತರದಲ್ಲಿ ಬದಲಾವಣೆ. ಅಷ್ಟೇನೂ ಚಳಿಯಿಲ್ಲದಾಗಲೂ ಬೆರಳುಗಳು ಗೆರೆ ಎಳೆದಂತೆ ಬಿಳಿಚಿಕೊಂಡು, ನೀಲಿಯಾಗಿ, ಬೆಚ್ಚಗಾಗುವಾಗ ಕೆಂಪೇರಿದರೆ ಅದು ರೇನೋ ಎಂಬ ಸಮಸ್ಯೆಯಾಗಿರಬಹುದು. 1862ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವೈದ್ಯ ಮೋರಿಸ್ ರೇನೋ ಅವರ ಹೆಸರೇ ಅದಕ್ಕಿದೆ. ಗ್ಲೌಸ್ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ. ಬಿಸಿ ಗ್ಲೌಸಿಗೆ ಹಣ ಹಾಕುವುದು ನಿಜಕ್ಕೂ ಸಾರ್ಥಕವಾಗುವುದು ಇಂಥವರಿಗೆ. ಮರಗಟ್ಟಿದ ಕೈಯನ್ನು ಉಜ್ಜಬೇಡಿ, ಹೀಟರಿಗೆ ಒಡ್ಡಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಕಂಕುಳಲ್ಲಿಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ.

ಕರ್ನಾಟಕದಿಂದ ಮನಾಲಿ-ಲೇಹ್ ದಾರಿಗೆ ಸೈಕಲ್ ಒಯ್ಯುವವರು ಬೇಸಿಗೆಯ ಪ್ರವಾಸವೆಂದು ಒಂದೇ ಜೊತೆ ಅರ್ಧ ಬೆರಳಿನ ಗ್ಲೌಸ್ ಇಟ್ಟುಕೊಂಡು ಹೊರಡುವುದುಂಟು. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಆ ದಾರಿಯ ತಂಗ್ಲಂಗ್ ಲಾ ಘಾಟಿ 5,000 ಮೀಟರಿಗಿಂತ ಎತ್ತರದಲ್ಲಿದೆ, ಜುಲೈನಲ್ಲೂ ಅಲ್ಲಿ ಹಿಮ ಉದುರಬಹುದು. ಏರುವಾಗ ತೆಳ್ಳನೆಯದು ಸಾಕು, ಬೆವರಿನಲ್ಲಿ ನೆನೆಯಲಿ. ಬೆಚ್ಚನೆಯ ಇನ್ನೊಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿರಲಿ. ಶಿಖರ ಮುಟ್ಟಿದ ಕೂಡಲೇ, ಫೋಟೋ ತೆಗೆಯಲು ನಿಲ್ಲುವ ಮೊದಲೇ ಅದನ್ನು ತೊಟ್ಟು, ಒದ್ದೆಯಾದದ್ದನ್ನು ಜಾಕೆಟ್ಟಿನ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಇಳಿಯಿರಿ.